ಕಸದ ಗುಡ್ಡೆಯಿಂದ ಎತ್ತಿ ತಂದ ಕಲ್ಲು: ಫರ್ಹಾದಿಯಾ ಮಸೀದಿ ಹಳೆಯದೋ ಹೊಸದೋ?

ಪ್ರಶ್ನೆ: ನಾನು ಧಾರವಾಡದವಳು, ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಬೋಸ್ನಿಯಾದ ಬನ್ಯಾ ಲೂಕಾ ನಗರದ ಫರ್ಹಾದಿಯಾ ಮಸೀದಿಯ ಬಗ್ಗೆ ಸೆಮಿನಾರ್ ಕೊಡಬೇಕಿದೆ. 1993ರಲ್ಲಿ ನೆಲಸಮವಾಗಿದ್ದ ಈ ಮಸೀದಿ 2016ರಲ್ಲಿ ಮತ್ತೆ ತೆರೆಯಿತು. ಆದರೂ ಅದನ್ನು 16ನೇ ಶತಮಾನದ ಮಸೀದಿ ಎಂದೇ ಕರೆಯುತ್ತಾರೆ. ಇದು ಸರಿಯೇ? ಕಾಂಕ್ರೀಟಿನಲ್ಲಿ ಎರಡು ವರ್ಷಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಕಲ್ಲು, ಸುಣ್ಣ ಎಂದು ಅಷ್ಟು ಕಾಲ ಕಳೆದದ್ದು ಏಕೆ? ಅಲ್ಲಿಗೆ ಹೋದವರಿಗೆ ಹಳೆಯ ಕಲ್ಲು ಯಾವುದು, ಹೊಸದು ಯಾವುದು ಎಂದು ತಿಳಿಯುತ್ತದೆಯೇ?

ಉತ್ತರ: ಮೊದಲ ಪ್ರಶ್ನೆಗೆ ಸುತ್ತಿ ಬಳಸದೆ ಹೇಳುತ್ತೇನೆ. ಈಗ ಅಲ್ಲಿ ನಿಂತಿರುವುದು 21ನೇ ಶತಮಾನದ ಕಟ್ಟಡ. ಅದರ ಪಾಯ, ಅಳತೆ, ಆಕಾರ 16ನೇ ಶತಮಾನದವು. ಗೋಡೆಯೊಳಗೆ ಆ ಕಾಲದ ಕಲ್ಲುಗಳೂ ಇವೆ. ಆದ್ದರಿಂದ 1579 ಎಂದಷ್ಟೇ ಹೇಳಿ 1993ನ್ನೂ 2016ನ್ನೂ ನುಂಗಿ ಹಾಕಿದರೆ ಅದು ಅರ್ಧ ಸತ್ಯ. ಹಾಗೆಂದು ಇಡೀ ಕಟ್ಟಡವನ್ನು ‘ನಕಲು’ ಎಂದು ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಕಟ್ಟಿದ ರೀತಿಯಲ್ಲಿದೆ. ಅಲ್ಲಿಗೆ ಬರುವ ಮೊದಲು ಸ್ವಲ್ಪ ಚರಿತ್ರೆ ಬೇಕು.

ಒಟ್ಟೋಮನ್ ಸಾಮ್ರಾಜ್ಯದ ಬೋಸ್ನಿಯಾ ಸೀಮೆಯನ್ನು ಆಳುತ್ತಿದ್ದ ಫರ್ಹಾದ್ ಪಾಶಾ ಸೊಕೊಲೊವಿಚ್ ಈ ಮಸೀದಿಯನ್ನು 1579ರಲ್ಲಿ ಕಟ್ಟಿಸಿದ. 1575ರಲ್ಲಿ ಕ್ರೊವೇಷ್ಯಾದ ಗಡಿಯಲ್ಲಿ ನಡೆದ ಯುದ್ಧದಲ್ಲಿ ಆಸ್ಟ್ರಿಯಾದ ಕಡೆಯ ಸೇನಾಪತಿ ಆವರ್ಸ್‌ಪರ್ಗ್ ಸತ್ತ, ಅವನ ಮಗ ಸೆರೆಯಾದ. ಮಗನ ಬಿಡುಗಡೆಗೂ ತಂದೆಯ ತಲೆಯನ್ನು ಮರಳಿ ಪಡೆಯಲಿಕ್ಕೂ ಆ ಮನೆತನ ಕೊಟ್ಟ ಹಣದಿಂದ ಮಸೀದಿ ಎದ್ದಿತು ಎಂಬ ಮಾತು ಅಲ್ಲಿ ಇಂದಿಗೂ ಪ್ರಚಲಿತ. ಶಿಲ್ಪಿ ಯಾರೆಂದು ದಾಖಲೆಯಿಲ್ಲ. ಒಟ್ಟೋಮನ್ ಆಸ್ಥಾನದ ಮುಖ್ಯ ವಾಸ್ತುಶಿಲ್ಪಿ ಮಿಮಾರ್ ಸಿನಾನನ ಶಿಷ್ಯಪರಂಪರೆಯವನು ಎಂಬುದು ವಿದ್ವಾಂಸರ ಊಹೆ. ಮಿನಾರು ಕಟ್ಟಿದ ಕಲ್ಲುಕುಟಿಗರು ಇಂಥದ್ದನ್ನು ಇನ್ನೆಲ್ಲೂ ಕಟ್ಟಬಾರದೆಂದು ಪಾಶಾ ಅವರನ್ನು ಅದರೊಳಗೇ ಕೂಡಿ ಹಾಕಿದನಂತೆ, ಅವರು ರೆಕ್ಕೆ ಮಾಡಿಕೊಂಡು ರಾತ್ರೋರಾತ್ರಿ ಹಾರಿಹೋದರಂತೆ. ಇಂಥ ಕಥೆ ಊರೂರಿಗೂ ಇರುತ್ತದೆ. ಅದನ್ನು ಸೆಮಿನಾರಿನಲ್ಲಿ ಹೇಳಿ, ಆದರೆ ಚರಿತ್ರೆ ಎಂದು ಹೇಳಬೇಡಿ.

ಅಳತೆಯಲ್ಲಿ ಇದು ದೊಡ್ಡ ಕಟ್ಟಡವೇನಲ್ಲ. ಅಗಲ ಸುಮಾರು 18 ಮೀಟರ್, ಉದ್ದ ಸುಮಾರು 14 ಮೀಟರ್, ಗುಮ್ಮಟದ ತುದಿ 18 ಮೀಟರ್ ಎತ್ತರದಲ್ಲಿ, ಪಕ್ಕದ ಮಿನಾರು 40 ಮೀಟರಿಗೂ ಮಿಕ್ಕಿ. ಇಸ್ತಾಂಬುಲ್‌ನ ಸುಲೇಮಾನಿಯೆ ಮಸೀದಿಯನ್ನು ನೋಡಿದವರಿಗೆ ಇದು ಆಟಿಕೆಯಂತೆ ಕಾಣಬಹುದು. ಗುಮ್ಮಟ, ಅದರ ಕತ್ತು (ಗುಮ್ಮಟ ಕೂರುವ ಗೋಡೆಯ ಸುತ್ತು), ಕೆಳಗಿನ ಚೌಕ, ಮುಂದಿನ ಜಗಲಿಯ ಮೇಲಿನ ಮೂರು ಪುಟ್ಟ ಗುಮ್ಮಟಗಳು, ಇವುಗಳ ನಡುವಿನ ಪ್ರಮಾಣವೇ ಇದರ ಚೆಲುವು. ಸಾಮ್ರಾಜ್ಯದ ಅಂಚಿನ ಸಣ್ಣ ಊರಿನಲ್ಲಿ ರಾಜಧಾನಿಯ ಶೈಲಿ ಇಷ್ಟು ಹದವಾಗಿ ಬಂದ ಉದಾಹರಣೆಗಳು ಹೆಚ್ಚಿಲ್ಲ.

1969ರ ಅಕ್ಟೋಬರಿನಲ್ಲಿ ಬನ್ಯಾ ಲೂಕಾದಲ್ಲಿ ದೊಡ್ಡ ಭೂಕಂಪವಾಯಿತು. ನಗರದ ಬಹುಭಾಗ ಜಖಂಗೊಂಡಿತು. ಮಸೀದಿಗೂ ಪೆಟ್ಟು ಬಿತ್ತು, ದುರಸ್ತಿಯೂ ಆಯಿತು. ಇದನ್ನು ನೆನಪಿಡಿ, ಕಾಂಕ್ರೀಟಿನ ಪ್ರಶ್ನೆಗೆ ಬಂದಾಗ ಬೇಕಾಗುತ್ತದೆ.

ಭೂಕಂಪ ಉಳಿಸಿದ್ದನ್ನು ಮನುಷ್ಯರು ಉಳಿಸಲಿಲ್ಲ. 1993ರ ಮೇ 6 ಮತ್ತು 7ರ ನಡುವಿನ ರಾತ್ರಿ ಸ್ಫೋಟಕವಿಟ್ಟು ಅದನ್ನು ಉರುಳಿಸಿದರು. ಸುಮಾರು 800 ಮೀಟರ್ ದೂರದ ಅರ್ನಾವುದಿಯಾ ಮಸೀದಿಯೂ ಅದೇ ರಾತ್ರಿ ಹೋಯಿತು. ಅದು ಸರ್ಬರು, ಕ್ರೊವೇಟರು, ಮುಸ್ಲಿಮರ ನಡುವಿನ ಬೋಸ್ನಿಯಾ ಯುದ್ಧದ (1992–95) ಕಾಲ. ಆದರೆ ಬನ್ಯಾ ಲೂಕಾದಲ್ಲಿ ಆಗ ಕಾಳಗ ನಡೆಯುತ್ತಿರಲಿಲ್ಲ. ನಗರ ಮೊದಲಿನಿಂದಲೂ ಬೋಸ್ನಿಯಾದ ಸರ್ಬ್ ಆಡಳಿತದ ಹಿಡಿತದಲ್ಲಿತ್ತು. ಅಂದರೆ ಎರಡು ಸೈನ್ಯಗಳ ನಡುವೆ ಸಿಕ್ಕಿ ಜಖಂಗೊಂಡ ಕಟ್ಟಡ ಇದಲ್ಲ. ಯುದ್ಧ ಮುಗಿಯುವ ವೇಳೆಗೆ ನಗರದ 16 ಮಸೀದಿಗಳಲ್ಲಿ ಒಂದೂ ಉಳಿದಿರಲಿಲ್ಲ. ಫರ್ಹಾದಿಯಾದ ಮಿನಾರು ಮೊದಲ ಸ್ಫೋಟಕ್ಕೆ ಬೀಳಲಿಲ್ಲ. ಆಮೇಲೆ ಅದನ್ನೂ ಕೆಡವಿದರು. ಅಂಗಳದ ಗೋರಿಮಂಟಪಗಳು, ಪಕ್ಕದ ಗಡಿಯಾರ ಗೋಪುರ ಎಲ್ಲವೂ ಅದೇ ದಾರಿ ಹಿಡಿದವು. ಅವಶೇಷಗಳನ್ನು ಲಾರಿಗಳಲ್ಲಿ ಹೇರಿ ಸಾಗಿಸಿ ಜಾಗವನ್ನು ಸಪಾಟು ಮಾಡಿದರು. ಕೆಡವಿದವರಿಗೆ ಕಟ್ಟಡ ಬಿದ್ದರೆ ಸಾಲದಾಗಿತ್ತು, ಅದು ಇತ್ತು ಎಂಬ ಗುರುತೂ ಇರಬಾರದಾಗಿತ್ತು.

ನೀವು ಕೇಳಿದ ‘ಅಷ್ಟು ವರ್ಷ’ಗಳಲ್ಲಿ ಒಂದು ಪಾಲು ಸುಣ್ಣಕ್ಕೂ ಕಲ್ಲಿಗೂ ಸಂಬಂಧಿಸಿದ್ದೇ ಅಲ್ಲ. ಯುದ್ಧ 1995ರಲ್ಲಿ ನಿಂತರೂ ಕಟ್ಟಲು ಪರವಾನಗಿ ಸಿಗಲಿಲ್ಲ. ಅಲ್ಲಿನ ಇಸ್ಲಾಮಿಕ್ ಸಮುದಾಯ ಸಂಸ್ಥೆ ಬೋಸ್ನಿಯಾದ ಮಾನವ ಹಕ್ಕುಗಳ ನ್ಯಾಯಪೀಠಕ್ಕೆ ಹೋಗಿ, 1999ರ ಜೂನ್‌ನಲ್ಲಿ ತನ್ನ ಪರ ತೀರ್ಪು ಪಡೆಯಿತು. 2001ರ ಮೇ 7ರಂದು ಅಡಿಗಲ್ಲು ಸಮಾರಂಭಕ್ಕೆ ಬಂದವರ ಮೇಲೆ ಸರ್ಬ್ ರಾಷ್ಟ್ರವಾದಿಗಳ ಗುಂಪು ಕಲ್ಲು ತೂರಿತು, ಬಸ್ಸುಗಳಿಗೆ ಬೆಂಕಿಯಿಟ್ಟಿತು. ವಿದೇಶಿ ರಾಯಭಾರಿಗಳೂ ಸೇರಿದಂತೆ ನೂರಾರು ಜನ ಗಂಟೆಗಟ್ಟಲೆ ಒಂದು ಕಟ್ಟಡದೊಳಗೆ ಸಿಕ್ಕಿಬಿದ್ದರು. ಗಾಯಗೊಂಡ ಒಬ್ಬರು ನಂತರ ತೀರಿಕೊಂಡರು. ಜೂನ್ 18ರಂದು ಭಾರಿ ಪೊಲೀಸ್ ಕಾವಲಿನಲ್ಲಿ ಅಡಿಗಲ್ಲು ಬಿತ್ತು. 2003ರಲ್ಲಿ ರಾಷ್ಟ್ರೀಯ ಸ್ಮಾರಕಗಳ ಆಯೋಗ ಈ ಜಾಗವನ್ನೂ ಅವಶೇಷಗಳನ್ನೂ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ‘ಅವಶೇಷ’ ಎಂದು ಸೇರಿಸಿದ್ದು ಮುಖ್ಯ. ಕಸದ ಗುಡ್ಡೆಯಲ್ಲಿ ಬಿದ್ದಿರುವ ಒಂದು ತುಂಡಿಗೂ ಅದರಿಂದ ಕಾನೂನಿನ ರಕ್ಷಣೆ ಸಿಕ್ಕಿತು.

ಈಗ ಕಸದ ಗುಡ್ಡೆಗೆ ಬರೋಣ. ಸಾರಾಯೆವೊ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದ ತಂಡ, ಪ್ರೊಫೆಸರ್ ಮುಹಮದ್ ಹಮೀದೊವಿಚ್ ಅವರ ನೇತೃತ್ವದಲ್ಲಿ, ಕಟ್ಟುವ ಮೊದಲು ಹುಡುಕುವ ಕೆಲಸಕ್ಕೆ ಇಳಿಯಿತು. ಊರ ಹೊರಗಿನ ರಾಮಿಚಿ ಎಂಬಲ್ಲಿನ ಕಸದ ರಾಶಿಯನ್ನು ಅಗೆದು ಮಸೀದಿಯ ತುಂಡುಗಳನ್ನು ಹೊರತೆಗೆದರು. ಒಂದೊಂದು ತುಂಡನ್ನೂ ತೊಳೆದು, ನಂಬರು ಹಾಕಿ, ಅಳೆದು, ಕಂಪ್ಯೂಟರಿಗೆ ಏರಿಸಿ, ಹಳೆಯ ಫೋಟೋಗಳ ಮತ್ತು ಅಳತೆ ನಕ್ಷೆಗಳ ಜೊತೆ ಹೋಲಿಸಿ ಅದು ಎಲ್ಲಿತ್ತು ಎಂದು ಗುರುತಿಸುವ ಪ್ರಯತ್ನ ನಡೆಯಿತು.

ಒಂದು ಒಡೆದ ಕಲ್ಲು ತನ್ನ ಜಾಗವನ್ನು ಹೇಗೆ ಹೇಳುತ್ತದೆ? ಸೆಮಿನಾರಿಗೆ ನಿಮಗೆ ಬೇಕಾದದ್ದು ಇದೇ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಕೈಗೆ ಸಿಕ್ಕ ತುಂಡಿನಲ್ಲಿ ಮೊದಲು ನೋಡುವುದು ಮುಖಗಳನ್ನು. ಮಳೆ ಬಿಸಿಲಿಗೆ ಒಡ್ಡಿಕೊಂಡ ಮುಖದ ಬಣ್ಣ ಬೇರೆ, ಸಂದಿನೊಳಗೆ ಅಡಗಿದ್ದ ಮುಖದ ಬಣ್ಣ ಬೇರೆ. ಹೊರಮುಖವನ್ನು ಕುಟಿಗ ಸಣ್ಣ ಉಳಿಯಿಂದ ನಯಮಾಡಿರುತ್ತಾನೆ. ಒಳಮುಖವನ್ನು ಗಾರೆ ಕಚ್ಚಿಕೊಳ್ಳಲೆಂದು ಒರಟಾಗಿ ಬಿಟ್ಟಿರುತ್ತಾನೆ. ಅಲ್ಲಿ ಇನ್ನೂ ಅಂಟಿಕೊಂಡಿರುವ ಗಾರೆಯ ದಪ್ಪ ಸಂದಿನ ಅಗಲವನ್ನು ಹೇಳುತ್ತದೆ. ಹೊರಮುಖ ಸ್ವಲ್ಪ ಬಾಗಿದ್ದರೆ ಆ ಬಾಗಿನಿಂದ ತ್ರಿಜ್ಯ ಸಿಗುತ್ತದೆ. ತ್ರಿಜ್ಯ ಚಿಕ್ಕದಾದರೆ ಮಿನಾರಿನ ಕಡೆ ಹುಡುಕಬೇಕು, ದೊಡ್ಡದಾದರೆ ಗುಮ್ಮಟದ ಕಡೆ ಅಥವಾ ಕಮಾನಿನ ಕಡೆ. ಮಿನಾರಿನ ಮೆಟ್ಟಿಲಿನ ಕಲ್ಲನ್ನಂತೂ ಮರೆಯುವ ಹಾಗೇ ಇಲ್ಲ: ಒಟ್ಟೋಮನ್ ಮಿನಾರುಗಳಲ್ಲಿ ಮೆಟ್ಟಿಲು ಮತ್ತು ನಡುಗಂಬದ ತುಂಡು ಒಂದೇ ಕಲ್ಲಿನಲ್ಲಿ ಕಡೆದಿರುತ್ತವೆ, ಹಾಗಾಗಿ ಕಿರಿದಾದ ತುದಿಯಲ್ಲಿ ದುಂಡನೆಯ ಬಿಲ್ಲೆಯೊಂದು ಇದ್ದೇ ಇರುತ್ತದೆ.

ಇನ್ನೊಂದು ಗುರುತು ಕೊಂಡಿಯ ಗುಳಿ. ಅಕ್ಕಪಕ್ಕದ ಕಲ್ಲುಗಳನ್ನು ಕಬ್ಬಿಣದ ಕೊಂಡಿಯಿಂದ ಬಿಗಿದು, ಗುಳಿಗೆ ಕಾಯಿಸಿದ ಸೀಸ ಎರೆಯುವುದು ಒಟ್ಟೋಮನ್ ಕುಟಿಗರ ಪದ್ಧತಿ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಲ್ಲು ಸೀಳುತ್ತದೆ. ಸುತ್ತ ಸೀಸವಿದ್ದರೆ ನೀರು ಮುಟ್ಟುವುದಿಲ್ಲ, ನೆಲ ನಡುಗಿದಾಗ ಸ್ವಲ್ಪ ಬಳುಕಲು ಎಡೆಯೂ ಸಿಗುತ್ತದೆ. ಗುಳಿ ಕಲ್ಲಿನ ಯಾವ ಅಂಚಿನಲ್ಲಿದೆ, ಎಷ್ಟು ಆಳವಿದೆ, ಒಳಗೆ ಸೀಸದ ಚೂರು ಉಳಿದಿದೆಯೇ ಎಂಬುದನ್ನು ಕಂಡರೆ ಆ ಕಲ್ಲಿನ ಎಡಬಲದಲ್ಲಿ ನೆರೆಯವರು ಹೇಗೆ ಕೂತಿದ್ದರು ಎಂದು ಲೆಕ್ಕ ಹಾಕಬಹುದು. ಹೀಗೆ ಗುರುತು ಸಿಕ್ಕಿದ, ಭಾರ ಹೊರುವಷ್ಟು ಗಟ್ಟಿಯಾಗಿರುವ ಕಲ್ಲು ಗೋಡೆಗೆ ಮರಳುತ್ತದೆ. ಚೂರಾದದ್ದು ಮರಳಲಾರದು. ಆದರೆ ಅದರ ಮೇಲಿನ ಅಳತೆ ಮತ್ತು ಉಳಿಗುರುತು ಹೊಸ ಕಲ್ಲನ್ನು ಕಡೆಯುವವನಿಗೆ ಪಾಠವಾಗುತ್ತದೆ.

ನಕಲು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಫೋಟೋ ನೋಡಿ ಹೊರರೂಪ ಕಟ್ಟಿದರೆ ಸಿಗುವುದು ಸಿನಿಮಾ ಸೆಟ್ಟು. ಇಲ್ಲಿ ಒಳಗೋಡೆಯ ತುಂಬು, ಸಂದು, ಕೊಂಡಿ, ಗಾರೆ ಎಲ್ಲಕ್ಕೂ ವಸ್ತುವಿನ ಸಾಕ್ಷಿ ಹುಡುಕಿದರು.

ಕಾಂಕ್ರೀಟು ಏಕೆ ಬೇಡ? ನಿಮ್ಮ ಪಠ್ಯಕ್ರಮ ಕಲಿಸುವ ಕಟ್ಟಡಗಳಲ್ಲಿ ಕಬ್ಬಿಣ ಎಳೆತವನ್ನು ತಡೆಯುತ್ತದೆ, ಕಾಂಕ್ರೀಟು ಒತ್ತಡವನ್ನು ಹೊರುತ್ತದೆ. ಕಲ್ಲಿನ ಗುಮ್ಮಟಕ್ಕೆ ಈ ಸೌಲಭ್ಯವಿಲ್ಲ. ಮೇಲಿನ ಭಾಗ ಒತ್ತಡದಲ್ಲಿರುತ್ತದೆ, ಬುಡದ ಸುತ್ತ ಹೊರಕ್ಕೆ ತಳ್ಳುವ ಎಳೆತ ಹುಟ್ಟುತ್ತದೆ. ಅದನ್ನು ಕತ್ತಿನ ಭಾರ, ಗೋಡೆಯ ದಪ್ಪ, ಅಲ್ಲಲ್ಲಿ ಕಬ್ಬಿಣದ ಪಟ್ಟಿಗಳು ಹಿಡಿದಿಡಬೇಕು. ಇಡೀ ಕಟ್ಟಡ ನಿಧಾನವಾಗಿ ಕೂರುತ್ತದೆ, ಕೂರುವಾಗ ಸಂದುಗಳು ಒಂದಿಷ್ಟು ಸರಿದುಕೊಡುತ್ತವೆ. ಸುಣ್ಣದ ಗಾರೆ ಅದಕ್ಕೆ ಒಗ್ಗುತ್ತದೆ, ಕೂದಲೆಳೆಯ ಬಿರುಕು ಬಿಟ್ಟರೂ ಕಾಲಕ್ರಮದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. 1969ರಲ್ಲಿ ನಾಲ್ಕು ಶತಮಾನ ಹಳೆಯ ಕಟ್ಟಡ ನಡುಗಿ ನಿಂತದ್ದು ಇದೇ ಬಳುಕಿನಿಂದ. ಅಂಥ ಗೋಡೆಯೊಳಗೆ ಗಡುಸಾದ ಕಾಂಕ್ರೀಟನ್ನು ತೂರಿಸಿದರೆ ಎರಡರ ನಡವಳಿಕೆ ಬೇರೆಯಾಗಿ, ಸೇರುವಲ್ಲಿಯೇ ಬಿರಿಯುತ್ತದೆ.

ನೀರಿನ ವಿಚಾರ ಇದಕ್ಕಿಂತ ದೊಡ್ಡದು. ಕಲ್ಲಿಗಿಂತ ಗಾರೆ ಮೆದುವಾಗಿರಬೇಕು. ಗೋಡೆಯೊಳಗೆ ಸೇರಿದ ತೇವ ಸುಣ್ಣದ ಸಂದಿನ ಮೂಲಕ ಹೊರಗೆ ಹೋಗುತ್ತದೆ. ಸವೆದರೆ ಸಂದು ಸವೆಯುತ್ತದೆ, ಮತ್ತೆ ತುಂಬಿದರಾಯಿತು. ಸಿಮೆಂಟು ಸಂದನ್ನು ಮುಚ್ಚಿಬಿಟ್ಟರೆ ತೇವ ಕಲ್ಲಿನ ಮೂಲಕವೇ ಹೋಗಬೇಕು, ಅದರ ಜೊತೆ ಬಂದ ಲವಣ ಕಲ್ಲಿನ ಚರ್ಮದಡಿ ಹರಳುಗಟ್ಟಿ ಪದರ ಪದರವಾಗಿ ಉದುರಿಸುತ್ತದೆ. ಬೋಸ್ನಿಯಾದ ಚಳಿಗಾಲದಲ್ಲಿ ಆ ತೇವ ಹೆಪ್ಪುಗಟ್ಟಿ ಹಿಗ್ಗುವುದೂ ಸೇರಿದರೆ ಕೆಲವೇ ವರ್ಷಗಳಲ್ಲಿ ಗೋಡೆಯ ಮುಖ ಹಾಳಾಗುತ್ತದೆ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲ, ಉಳಿದ ರೋಗವೆಲ್ಲ ಇದೆ. ಹಳೆಯ ಗುಡಿಯ ಕಲ್ಲಿನ ಸಂದಿಗೆ ಸಿಮೆಂಟು ಬಳಿದು ‘ಜೀರ್ಣೋದ್ಧಾರ’ ಎಂದು ಫಲಕ ಹಾಕಿದ ಕಡೆ ಮಳೆಗಾಲ ಮುಗಿದ ಮೇಲೆ ಗೋಡೆಯನ್ನು ಹೋಗಿ ನೋಡಿ, ಬಿಳಿಯ ಪುಡಿ ಕೈಗೆ ಹತ್ತುತ್ತದೆ.

ಒಟ್ಟೋಮನ್ ಗಾರೆಯ ಗುಟ್ಟು ನಮ್ಮವರಿಗೆ ಹೊಸದೇನಲ್ಲ. ಅರಳಿಸಿದ ಸುಣ್ಣಕ್ಕೆ ಮರಳಿನ ಜೊತೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸುತ್ತಾರೆ. ಟರ್ಕಿಯಲ್ಲಿ ಅದಕ್ಕೆ ಹೊರಸಾನ್ ಎನ್ನುತ್ತಾರೆ, ನಮ್ಮ ಗಾರೆ ಮೇಸ್ತ್ರಿಗಳು ಸುರ್ಕಿ ಎನ್ನುತ್ತಾರೆ. ಬರೀ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಗಟ್ಟಿಯಾಗುತ್ತದೆ. ದಪ್ಪ ಗೋಡೆಯ ನಡುವೆ ವರ್ಷಗಟ್ಟಲೆ ಹಸಿಯಾಗಿಯೇ ಉಳಿಯಬಹುದು. ಇಟ್ಟಿಗೆ ಪುಡಿ ಸೇರಿದರೆ ತೇವದಲ್ಲಿಯೂ ಗಟ್ಟಿಯಾಗುವ ಗುಣ ಬರುತ್ತದೆ. ನಮ್ಮಲ್ಲಿ ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕಿ ಗಾಣದಲ್ಲಿ ಅರೆಯುವ ಪದ್ಧತಿಯೂ ಇತ್ತು. ಧಾರವಾಡ ಭಾಗದ ಹಳೆಯ ವಾಡೆಗಳಲ್ಲಿ ಬಿದ್ದ ಗಾರೆಯ ತುಂಡು ಸಿಕ್ಕರೆ ಒಡೆದು ನೋಡಿ, ಕೆಂಪು ಕಣಗಳು ಕಾಣಬಹುದು. ಸೆಮಿನಾರಿಗೆ ಒಂದು ತುಂಡನ್ನು ಹಿಡಿದುಕೊಂಡು ಹೋದರೂ ಲೇಸೇ.

ಈ ಗಾರೆಗೆ ಅವಸರವಿಲ್ಲ. ಚಳಿ ಇಳಿದರೆ ಹಸಿ ಸುಣ್ಣ ಹೆಪ್ಪುಗಟ್ಟಿ ಪುಡಿಯಾಗುತ್ತದೆ, ಹಾಗಾಗಿ ವರ್ಷದಲ್ಲಿ ಕೆಲವು ತಿಂಗಳು ಕೆಲಸ ನಿಲ್ಲಲೇಬೇಕು. ಮೇಲಿನ ವರಸೆ ಹೊರಿಸುವ ಮೊದಲು ಕೆಳಗಿನದು ಒಂದಿಷ್ಟು ಗಟ್ಟಿಯಾಗಬೇಕು. ಗುಮ್ಮಟದ ಮೇಲೆ ಸೀಸದ ತಗಡು ಹೊದಿಸುವಾಗಲೂ ಅಷ್ಟೇ: ಬಿಸಿಲಿಗೆ ಸೀಸ ಹಿಗ್ಗುತ್ತದೆ, ಆದ್ದರಿಂದ ಬೆಸುಗೆ ಹಾಕದೆ ಅಂಚುಗಳನ್ನು ಒಂದರ ಮೇಲೊಂದು ಸುತ್ತಿ ಮಡಿಸಬೇಕು. ಇವೆಲ್ಲ ಕೈಕೆಲಸ. ಹಣವೂ ಕಂತು ಕಂತಾಗಿ ಬಂತು. ಟರ್ಕಿ ಸರಕಾರದ ನೆರವು ಅದರಲ್ಲಿ ದೊಡ್ಡದು.

ಇನ್ನು ಸಿದ್ಧಾಂತ. ಸಂರಕ್ಷಣೆಯ ಪಾಠ ಓದಿದವರೆಲ್ಲ, ಹಳೆಯ ಸ್ಮಾರಕಗಳ ರಕ್ಷಣೆಗೆ ಅಂತರರಾಷ್ಟ್ರೀಯ ತಜ್ಞರು ರೂಪಿಸಿದ 1964ರ ವೆನಿಸ್ ಸನ್ನದನ್ನು ಬಾಯಿಪಾಠ ಮಾಡಿರುತ್ತಾರೆ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ ಅದರ 9ನೇ ವಿಧಿ. ಉತ್ಖನನದ ಕುರಿತಾದ 15ನೇ ವಿಧಿ ಮರುನಿರ್ಮಾಣವನ್ನು ಮೊದಲೇ ತಳ್ಳಿಹಾಕಿ, ಬಿದ್ದಿರುವ ಮೂಲ ತುಂಡುಗಳನ್ನು ಮರುಜೋಡಿಸಲು ಮಾತ್ರ ಒಪ್ಪುತ್ತದೆ. ಇದನ್ನು ಅಕ್ಷರಶಃ ಹಿಡಿದರೆ ಫರ್ಹಾದಿಯಾದ ಜಾಗ ಇಂದಿಗೂ ಬಯಲಾಗಿಯೇ ಇರಬೇಕಿತ್ತು. ಕಾಲದಿಂದ ಶಿಥಿಲವಾದ ಪಾಳು ಕಟ್ಟಡಗಳಿಗೆ ಈ ನಿಯಮ ಸರಿ, ಅಲ್ಲಿ ನಾನು ಅದರ ಕಟ್ಟಾ ಪಕ್ಷಪಾತಿ. ಹಂಪಿಯ ಮೊಂಡು ಗೋಪುರಗಳಿಗೆ ಯಾರಾದರೂ ಶಿಖರ ಏರಿಸಲು ಹೊರಟರೆ ಮೊದಲು ತಕರಾರು ತೆಗೆಯುವವನು ನಾನೇ. ಆದರೆ ಮೊನ್ನೆ ಮೊನ್ನೆಯವರೆಗೆ ಜನ ಬಳಸುತ್ತಿದ್ದ, ಅಳತೆ ಮತ್ತು ಫೋಟೋಗಳಿರುವ ಕಟ್ಟಡವನ್ನು, ಅದನ್ನು ಬಳಸುತ್ತಿದ್ದ ಜನರನ್ನು ಓಡಿಸುವ ಉದ್ದೇಶದಿಂದಲೇ ಒಬ್ಬರು ಕೆಡವಿದಾಗ ಅದೇ ನಿಯಮ ಕೆಡವಿದವರ ಕೆಲಸವನ್ನು ಖಾಯಂ ಮಾಡಿಕೊಡುತ್ತದೆ. ನಿಯಮ ಬರೆದವರ ಮನಸ್ಸಿನಲ್ಲಿ ಅದು ಇರಲಾರದು.

ಈ ಅಪವಾದಕ್ಕೆ ಮೇಲ್ಪಂಕ್ತಿಯೂ ಇದೆ. ನಾಜಿಗಳು ನೆಲಸಮ ಮಾಡಿದ ವಾರ್ಸಾದ ಹಳೆಯ ಪಟ್ಟಣ ಯುದ್ಧದ ನಂತರ ಮತ್ತೆ ಎದ್ದಿತು. 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೋಸ್ನಿಯಾದಲ್ಲಿಯೇ ಮೊಸ್ತಾರ್‌ನ ಹಳೆಯ ಸೇತುವೆಯಿದೆ. 1566ರ ಆ ಒಟ್ಟೋಮನ್ ಸೇತುವೆ 1993ರ ನವೆಂಬರ್ 9ರಂದು ಶೆಲ್ ದಾಳಿಗೆ ಕುಸಿಯಿತು, 2004ರ ಜುಲೈನಲ್ಲಿ ಮತ್ತೆ ತೆರೆಯಿತು, ಮರುವರ್ಷ ಪಟ್ಟಿಗೂ ಸೇರಿತು. ಅಲ್ಲಿ ನದಿಯಿಂದ ಎತ್ತಿದ ಕಲ್ಲುಗಳು ಮತ್ತೆ ಬಳಸಲಾಗದಷ್ಟು ಕೆಟ್ಟಿದ್ದವು. ತೆನೆಲಿಯಾ ಎಂಬ ಅಲ್ಲಿನ ಸುಣ್ಣಕಲ್ಲನ್ನೇ ಹೊಸದಾಗಿ ಕಡೆದು ಕಮಾನು ಕಟ್ಟಿದರು. ಮೂಲ ವಸ್ತುವಿನ ಲೆಕ್ಕದಲ್ಲಿ ನೋಡಿದರೆ ಮೊಸ್ತಾರ್‌ನ ಕಮಾನಿಗಿಂತ ಫರ್ಹಾದಿಯಾದ ಗೋಡೆಯೇ ಹೆಚ್ಚು ‘ಹಳೆಯದು’. ಪ್ರಸಿದ್ಧಿ ಸೇತುವೆಯ ಪಾಲಿಗೆ ಬಂತು, ಇರಲಿ.

ಎಲ್ಲ ಮರುನಿರ್ಮಾಣವೂ ಒಳ್ಳೆಯದು ಎಂದು ಮಾತ್ರ ಬರೆದುಕೊಳ್ಳಬೇಡಿ. ಸಾರಾಯೆವೊದ ಗಾಜಿ ಹುಸ್ರೆವ್ ಬೇಗ್ ಮಸೀದಿ ಶೆಲ್ ದಾಳಿಯಲ್ಲಿ ಪೆಟ್ಟು ತಿಂದರೂ ಉಳಿದಿತ್ತು. ಯುದ್ಧ ಮುಗಿದ ಮೇಲೆ, 1996ರಲ್ಲಿ, ಸೌದಿ ನೆರವಿನ ದುರಸ್ತಿ ಅದರ ಒಳಗೋಡೆಯ ಬಣ್ಣದ ಚಿತ್ತಾರಗಳನ್ನು ಕೆರೆದು ಬಿಳಿ ಬಳಿಯಿತು. ಊರಿನವರ ಅಸಮಾಧಾನದ ನಂತರ ಚಿತ್ತಾರಗಳನ್ನು ಹೊಸದಾಗಿ ಬರೆಯಬೇಕಾಯಿತು. ಶೆಲ್ಲುಗಳು ಮಾಡದಿದ್ದ ಹಾನಿಯನ್ನು ದಾನ ಮಾಡಿತು. ಹಣ ಕೊಡುವವರಿಗೆ ತಮ್ಮ ಅಭಿರುಚಿ ಇರುತ್ತದೆ, ಬೇಗ ಉದ್ಘಾಟನೆ ಆಗಬೇಕೆಂಬ ಆಸೆಯೂ ಇರುತ್ತದೆ. ಫರ್ಹಾದಿಯಾ ಅದರಿಂದ ಪಾರಾದದ್ದು ಕೆಲಸ ವಾಸ್ತುಶಿಲ್ಪಿಗಳ ಕೈಯಲ್ಲಿ ಉಳಿದದ್ದರಿಂದ.

ಫರ್ಹಾದಿಯಾ ತೆರೆದದ್ದು 2016ರ ಮೇ 7ರಂದು, ಕೆಡವಿ ಸರಿಯಾಗಿ 23 ವರ್ಷಗಳಾದ ದಿನ. ಮೇ 7ನ್ನು ಬೋಸ್ನಿಯಾದಲ್ಲಿ ಈಗ ಮಸೀದಿಗಳ ದಿನವಾಗಿ ಆಚರಿಸುತ್ತಾರೆ. ಅದೇ ಯುದ್ಧದಲ್ಲಿ ಕೆಡವಿದ್ದ ಫೋಚಾ ಪಟ್ಟಣದ ಅಲಾಜಾ ಮಸೀದಿ 2019ರಲ್ಲಿ, ಫರ್ಹಾದಿಯಾದ ಜೊತೆಗೇ ಬಿದ್ದ ಅರ್ನಾವುದಿಯಾ 2024ರ ಮೇ 7ರಂದು ಮತ್ತೆ ತೆರೆದವು. ಸೆಮಿನಾರಿಗೆ ಹೋಲಿಕೆಯ ಉದಾಹರಣೆ ಬೇಕಿದ್ದರೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಬಹುದು.

ಕೊನೆಯ ಪ್ರಶ್ನೆ: ಹಳೆಯ ಕಲ್ಲನ್ನು ಗುರುತಿಸುವುದು ಹೇಗೆ? ಎರಡನೇ ಮಹಾಯುದ್ಧದಲ್ಲಿ ಬಿದ್ದು ಆಮೇಲೆ ಮತ್ತೆ ಕಟ್ಟಿದ, ಜರ್ಮನಿಯ ಡ್ರೆಸ್ಡೆನ್‌ನ ಫ್ರಾವೆನ್‌ಕಿರ್ಖೆ ಚರ್ಚಿನಲ್ಲಿ ಇದು ಸುಲಭ. ಅಲ್ಲಿ ಹಳೆಯ ಕಲ್ಲು ಕಪ್ಪಗೆ, ಹೊಸದು ತಿಳಿ ಬಣ್ಣಕ್ಕೆ ಎದ್ದು ಕಾಣುತ್ತವೆ. ಬೇರೆಡೆ ವ್ಯತ್ಯಾಸ ಅಷ್ಟು ಢಾಳಾಗಿ ಇರುವುದಿಲ್ಲ, ಬಣ್ಣವನ್ನೇ ನಂಬಬೇಡಿ; ಹೊಸ ಕಲ್ಲೂ ನಾಲ್ಕು ಮಳೆ ಕಂಡರೆ ಮಾಸುತ್ತದೆ. ಅಂಚು ನೋಡಿ. ಹೊಸ ಕಲ್ಲಿನ ಅಂಚು ಚೂಪಾಗಿರುತ್ತದೆ, ಸ್ಫೋಟ ಮತ್ತು ಬುಲ್ಡೋಜರ್ ದಾಟಿ ಬಂದದ್ದರ ಮೂಲೆಗಳು ಮೊಂಡಾಗಿ, ಅಲ್ಲಲ್ಲಿ ಚಕ್ಕೆ ಹಾರಿರುತ್ತವೆ. ಒಂದೇ ಮುಖದಲ್ಲಿ ಒಂದು ಪಾಲು ಒರಟು, ಇನ್ನೊಂದು ಪಾಲು ಹೊಸ ತುಂಡಿನ ತೇಪೆ ಇದ್ದರೆ ಅದು ಮರಳಿ ಬಂದ ಕಲ್ಲು. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋದರೆ ಉಳಿಯ ಗೆರೆಗಳು ಚೆನ್ನಾಗಿ ಕಾಣುತ್ತವೆ: ಯಂತ್ರದಲ್ಲಿ ಕೊಯ್ದದ್ದರ ಗೆರೆ ಸಮಾನಾಂತರ, ಕೈಯಿಂದ ಕಡೆದದ್ದರ ಗೆರೆ ಓರೆಕೋರೆ. ಕೈಯಿಂದ ಕಡೆದ ಹೊಸ ಕಲ್ಲೂ ಇರಬಹುದು. ಅಂಥಲ್ಲಿ ಅಂಚು ಮತ್ತು ಗೆರೆ ಎರಡನ್ನೂ ಸೇರಿಸಿ ನೋಡಿ.